ಸೊನ್ನೆ ಮಾಡದೆ ಬಿಟ್ಟ ಜಾಗ

ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ವಾರ ಒಂದು ಪಾಠ ಇರುತ್ತದೆ. ಬಹಳ ದಿನ ಅದನ್ನು ಹೇಳುತ್ತಿದ್ದವನು ನಾನು. ಜೆ.ಪಿ. ನಗರದ ಆ ಆಫೀಸಿನಲ್ಲಿ ನಾವು ಸಣ್ಣ ಸಣ್ಣ ಯಂತ್ರಗಳ ಒಳಗೆ ಕೂರುವ ಪ್ರೋಗ್ರಾಂಗಳನ್ನು ಸಿ ಭಾಷೆಯಲ್ಲಿ ಬರೆಯುತ್ತೇವೆ. ಹೊಸಬರು ಬಂದು ಕುರ್ಚಿ ಎಳೆದುಕೊಂಡ ಕೂಡಲೇ ನಾನು ಕೇಳುತ್ತಿದ್ದೆ: "ಪ್ರೋಗ್ರಾಂ ಎಲ್ಲಿಂದ ಶುರುವಾಗತ್ತೆ?" ಎಲ್ಲರೂ ಒಂದೇ ಉಸಿರಿಗೆ "ಮೇನ್‌ನಿಂದ ಸಾರ್" ಅನ್ನುತ್ತಿದ್ದರು. ಕಾಲೇಜಿನಲ್ಲಿ ಹಾಗೇ ಹೇಳಿಕೊಟ್ಟಿರುತ್ತಾರೆ. ಆಗ ನಾನೊಂದು ನಗೆ ನಗುತ್ತಿದ್ದೆ. ಆ ನಗೆಯನ್ನು ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಎರಡು ಬಾರಿಸಿಕೊಳ್ಳೋಣ ಅನಿಸುತ್ತದೆ.

ಪಾಠವೇನೂ ಕಷ್ಟದ್ದಲ್ಲ. ಮೇನ್ ಎನ್ನುವುದು ನಾವು ಬರೆದ ಪ್ರೋಗ್ರಾಮಿನ ಮೊದಲ ಬಾಗಿಲು. ಆದರೆ ಆ ಬಾಗಿಲಿನ ತನಕ ಕರೆತರುವ ಇನ್ನೊಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದನ್ನು ನಾವು ಬರೆದಿರುವುದಿಲ್ಲ, ಸಿ ಭಾಷೆಯ ಸಾಮಾನಿನ ಜೊತೆಗೇ ಬಂದಿರುತ್ತದೆ. ದೊಡ್ಡ ಕಂಪ್ಯೂಟರಿನಲ್ಲಾದರೆ ಅದು ಪ್ರೋಗ್ರಾಂ ಓಡಿಸುವವರು ಹೊರಗಿನಿಂದ ಕೊಟ್ಟ ಮಾತುಗಳನ್ನು ಜೋಡಿಸಿಟ್ಟು, ಮೊದಲೇ ಆಗಬೇಕಾದ ಕೆಲಸಗಳನ್ನು ಮುಗಿಸಿ, ಆಮೇಲೆ ಮೇನನ್ನು ಕರೆಯುತ್ತದೆ. ಮೇನ್ ಮುಗಿದ ಮೇಲೆ ಅದು ಕೊಟ್ಟ ಉತ್ತರವನ್ನು ತೆಗೆದುಕೊಂಡು ಬಾಗಿಲು ಹಾಕುತ್ತದೆ. ನಮ್ಮ ಸಣ್ಣ ಚಿಪ್‌ಗಳಲ್ಲಿ ಅದರ ಕೆಲಸ ಇನ್ನೂ ಸರಳ. ಕರೆಂಟ್ ಬಂದ ಕೂಡಲೇ ಪ್ರೋಗ್ರಾಮಿಗೆ ಓಡಾಡಲು ಜಾಗ ಗೊತ್ತುಮಾಡುತ್ತದೆ. ಇಂಥದ್ದಕ್ಕೆ ಇಂಥ ಬೆಲೆ ಎಂದು ನಾವು ಮೊದಲೇ ಬರೆದಿಟ್ಟಿದ್ದನ್ನು ಕಾಯಂ ಮೆಮೊರಿಯಿಂದ ತಂದು ತುಂಬುತ್ತದೆ. ಬೆಲೆ ಬರೆಯದೆ ಬಿಟ್ಟ ಜಾಗವನ್ನೆಲ್ಲ ಸೊನ್ನೆ ಮಾಡುತ್ತದೆ. ಆಮೇಲೆ ಮೇನ್.

ಸೊನ್ನೆ ಮಾಡುವುದು ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. "ಬಾಡಿಗೆ ಮನೆಗೆ ಹೊಸಬರು ಬರೋಕೆ ಮುಂಚೆ ಓನರ್ ಸುಣ್ಣ ಹೊಡೆಸ್ತಾರಲ್ಲ, ಹಂಗೆ. ಹಿಂದಿನವರ ಮೊಳೆ ಗುರುತು, ಎಣ್ಣೆ ಕಲೆ ಏನೂ ಇರಬಾರದು" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಬಿಟಿಎಂನಲ್ಲಿ ಬಾಡಿಗೆಗಿದ್ದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ನಾನೂ ಬಿಟಿಎಂನಲ್ಲೇ ಬಾಡಿಗೆಗಿದ್ದೆ, ಈಗಲೂ ಇದ್ದೇನೆ. ಬಾಗಲಕೋಟೆಯ ಕಡೆಯಿಂದ ಬಂದವನು. ಹೆಂಡತಿಯೂ ಅಲ್ಲಿಯವಳೇ, ಇಷ್ಟು ವರ್ಷವಾದರೂ ಅವಳ ಮಾತು ಒಂದು ಅಕ್ಷರ ಬದಲಾಗಿಲ್ಲ. ನಾನು ಮಾತ್ರ ಬಂದ ಮೊದಲ ವರ್ಷವೇ ಬೆಂಗಳೂರಿನ ಕನ್ನಡ ಕಲಿತು ಜಾಣನಾದೆ. ನಮ್ಮದು ನಾಲ್ಕು ಅಂತಸ್ತಿನ ಕಟ್ಟಡದ ಎರಡನೇ ಮಹಡಿ. ಕೆಳಗಿನ ಮನೆಯಲ್ಲಿ ಓನರ್ ಆಂಟಿ ಒಬ್ಬರೇ. ಅವರದು ಈ ಊರಿನದೇ ಹಳೆಯ ಒಕ್ಕಲು ಮನೆತನ. ಈಗ ನಮ್ಮ ಬೈಕುಗಳು ನಿಲ್ಲುವ ಜಾಗದಲ್ಲಿ ಅವರ ಅತ್ತೆ ರಾಗಿ ಒಕ್ಕಣೆ ಮಾಡುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಕಟ್ಟಡದ ಉಸ್ತುವಾರಿಯೆಲ್ಲ ಆಂಟಿಯದೇ. ಮಗಳು ಮದುವೆಯಾಗಿ ದಾವಣಗೆರೆಯಲ್ಲಿದ್ದಳು.

ಉಸ್ತುವಾರಿ ಅಂದರೆ ಮುಖ್ಯವಾಗಿ ನೀರು. ಕಾವೇರಿ ನೀರು ದಿನ ಬಿಟ್ಟು ದಿನ ಬಂದು ನೆಲದಡಿಯ ಸಂಪಿಗೆ ಬೀಳುತ್ತದೆ. ಅಲ್ಲಿಂದ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಸಂಪಿನಲ್ಲಿ ನೀರಿಲ್ಲದಾಗ ಮೋಟರ್ ಓಡಿದರೆ ಸುಟ್ಟುಹೋಗುತ್ತದೆ. ಅದಕ್ಕೆ ಆಂಟಿ ದಿನಾ ಬೆಳಿಗ್ಗೆ ಸಂಪಿನ ಮುಚ್ಚಳ ಎತ್ತಿ ಇಣುಕಿ ನೋಡಿ, ಮೆಟ್ಟಿಲ ಕೆಳಗಿನ ಸ್ವಿಚ್ ಹಾಕಿ, ಟ್ಯಾಂಕು ತುಂಬಿ ಪೈಪಿನಿಂದ ನೀರು ಸುರಿಯುವ ಸದ್ದು ಕೇಳುವವರೆಗೆ ಅಲ್ಲೇ ಕಾಫಿ ಕುಡಿಯುತ್ತ ಕೂರುತ್ತಿದ್ದರು. ಒಂದು ದಿನವೂ ಇದು ತಪ್ಪಿದ್ದಿಲ್ಲ. ಎಲ್ಲಿಗೇ ಹೋದರೂ ಸಂಜೆಗೆ ವಾಪಸ್ಸು.

ಮಗಳು ಬಸುರಿಯಾದಳು. ಮೊದಲ ಹೆರಿಗೆ ತವರಿನಲ್ಲಾಗಬೇಕು. ಆಂಟಿ ಕೋಣೆಗೆ ಬಣ್ಣ ಹೊಡೆಸಿ, ಹಳೆಯ ಸೀರೆಗಳನ್ನು ಮೆತ್ತಗಾಗುವಂತೆ ಒಗೆದು ಒಣಗಿಸಿ, ಬಾಣಂತನಕ್ಕೆ ಎಲ್ಲ ಸಜ್ಜು ಮಾಡಿಕೊಂಡಿದ್ದರು. ಅಷ್ಟರಲ್ಲಿ ಅಲ್ಲಿಯ ಡಾಕ್ಟರು ಬಿಪಿ ಜಾಸ್ತಿಯಿದೆ, ಪ್ರಯಾಣ ಬೇಡವೇ ಬೇಡ ಎಂದುಬಿಟ್ಟರು. ಮಗಳು ಬರುವಂತಿಲ್ಲ ಎಂದ ಮೇಲೆ ತಾಯಿಯೇ ಹೋಗಬೇಕು. ಆಂಟಿ ಮೆಟ್ಟಿಲ ಮೇಲೆ ಕೂತು ಯೋಚನೆ ಮಾಡುತ್ತಿದ್ದುದನ್ನು ಆಫೀಸಿಂದ ಬಂದವನು ನೋಡಿದೆ.

"ಒಂದೆರಡು ದಿನದ ಮಾತಾ ಸಾರ್ ಇದು? ತಿಂಗಳುಗಟ್ಟಲೆ ಆಗತ್ತೆ. ಎಂಟು ಮನೆ ಜನಕ್ಕೆ ನೀರು ಯಾರು ನೋಡ್ತಾರೆ? ಅವ್ಳ ಅತ್ತೆ ಅವರೂರಿಂದ ನಾನೇ ಬಂದಿರ್ತೀನಿ ಅಂತಿದಾರೆ. ನಂಗ್ಯಾಕೋ ಮನಸ್ಸು ಒಪ್ತಿಲ್ಲ" ಎಂದರು.

ಸ್ವಿಚ್ ಹಾಕಿ ತೆಗೆಯುವುದನ್ನು ನಾನೇ ವಹಿಸಿಕೊಳ್ಳಬಹುದಿತ್ತು. ನನ್ನ ಹೆಂಡತಿಯೂ ಮನೆಯಲ್ಲೇ ಇರುತ್ತಾಳೆ, ಅವಳೂ ಮಾಡುತ್ತಿದ್ದಳು. ಅದು ನನ್ನ ತಲೆಗೆ ಬರಲಿಲ್ಲ ಎನ್ನಲಾರೆ, ಬಂತು. ಆದರೆ ಅದರಲ್ಲಿ ನನ್ನ ವಿದ್ಯೆಗೇನು ಬೆಲೆ? "ಆಂಟಿ, ನೀವು ಆರಾಮಾಗಿ ಹೋಗಿ ಬನ್ನಿ. ನಾನೊಂದು ಪೆಟ್ಟಿಗೆ ಮಾಡ್ಕೊಡ್ತೀನಿ. ಮೋಟರ್ ತಾನೇ ಹಾಕ್ಕೊಂಡು ತಾನೇ ಆಫ್ ಆಗತ್ತೆ" ಎಂದೆ. ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಅವತ್ತೇ ಬೀಗತಿಗೆ ಫೋನ್ ಮಾಡಿ, ನೀವು ತೊಂದ್ರೆ ತಗೋಬೇಡಿ, ನಾನೇ ಬರ್ತೀನಿ ಎಂದು ಹೇಳಿದರಂತೆ.

ಅಂಥ ಪೆಟ್ಟಿಗೆಗಳು ಅಂಗಡಿಯಲ್ಲಿ ಸಿಗುತ್ತವೆ. ಹೆಂಡತಿ ಅದನ್ನೇ ಹೇಳಿದಳು: "ಅಂಗಡ್ಯಾಗ ತಂದ ಹಾಕಿದ್ರ ಆಗೂದಿಲ್ಲೇನ್ರೀ?" ಅಂಗಡಿಯದು ಹಾಕಲಿಕ್ಕೆ ನಾನೇ ಬೇಕೇ ಎಂದು ಅವಳನ್ನು ಗದರಿದೆ. ಟ್ಯಾಂಕಿನಲ್ಲೊಂದು, ಸಂಪಿನಲ್ಲೊಂದು ತೇಲುವ ಬುರುಡೆ. ಅವು ಏರಿದ್ದು ಇಳಿದದ್ದು ಪೆಟ್ಟಿಗೆಗೆ ಗೊತ್ತಾಗುತ್ತದೆ. ಪೆಟ್ಟಿಗೆಯೊಳಗೆ ಸಣ್ಣ ಚಿಪ್, ಅದರೊಳಗೆ ನನ್ನ ಪ್ರೋಗ್ರಾಂ. ಇದರ ಜೊತೆಗೆ ಯಾರೂ ಕೇಳದ ಇನ್ನೊಂದು ಕೆಲಸ ಮಾಡಿದೆ. ಚಿಪ್ ಮಾಡಿದವರು ಕೊಟ್ಟಿದ್ದ ಆರಂಭದ ಪ್ರೋಗ್ರಾಂ, ಅಂದರೆ ಮೇನ್‌ಗೂ ಮೊದಲು ಓಡುವುದು, ಅದನ್ನು ತೆಗೆದುಹಾಕಿ ನನ್ನದೇ ಬರೆದೆ.

ಅದಕ್ಕೆ ನನ್ನಲ್ಲೊಂದು ಕಾರಣವೂ ಇತ್ತು. ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಪ್ರತಿ ಸಲ ಬಂದಾಗಲೂ ಎಲ್ಲವನ್ನೂ ಸೊನ್ನೆ ಮಾಡಿದರೆ ಪೆಟ್ಟಿಗೆ ಅಲ್ಲಿಯವರೆಗಿನ ಲೆಕ್ಕವನ್ನೆಲ್ಲ ಮರೆತು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಸ್ವಲ್ಪ ಹೊತ್ತು ಕಾಯುತ್ತದೆ, ಬುರುಡೆಗಳನ್ನು ನೋಡುತ್ತದೆ, ಆಮೇಲೆ ಮೋಟರ್. ನನ್ನ ಪೆಟ್ಟಿಗೆ ಯಾಕೆ ಮರೆಯಬೇಕು? ಕರೆಂಟ್ ಅರೆಗಳಿಗೆ ಹೋಗಿ ಬಂದರೆ ಚಿಪ್‌ನ ಮೆಮೊರಿಯಲ್ಲಿದ್ದದ್ದು ಇನ್ನೂ ಅಳಿಸಿರುವುದಿಲ್ಲ. ಹಾಗಾಗಿ ಒಂದಿಷ್ಟು ಜಾಗವನ್ನು ಸೊನ್ನೆ ಮಾಡದೆ ಬಿಟ್ಟೆ. ಆ ಜಾಗದ ಮೊದಲಲ್ಲಿ ಒಂದು ಗುರುತಿನ ಸಂಖ್ಯೆ ಇಟ್ಟೆ. ಕರೆಂಟ್ ಬಂದಾಗ ಆ ಗುರುತು ಹಾಗೇ ಇದ್ದರೆ ಉಳಿದದ್ದನ್ನೂ ನಂಬು, ಗುರುತು ಅಳಿಸಿದ್ದರೆ ಎಲ್ಲವನ್ನೂ ಸೊನ್ನೆ ಮಾಡು. ಬರೆದು ಮುಗಿಸಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಫೀಸಿನಲ್ಲೂ ಇಬ್ಬರನ್ನು ಕರೆದು ತೋರಿಸಿದೆ.

ಪೆಟ್ಟಿಗೆ ಕೂರಿಸಿದ ದಿನ ಎಂಟೂ ಮನೆಯವರು ಮೆಟ್ಟಿಲ ಕೆಳಗೆ ನೆರೆದಿದ್ದರು. ಆಂಟಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿದರು. ನಾನು ಕೈಕಟ್ಟಿ ನಿಂತು ಒಂದು ಭಾಷಣವನ್ನೇ ಮಾಡಿದೆ. ಅದರಲ್ಲಿ ಮೇನ್‌ಗೂ ಮೊದಲು ಏನಾಗುತ್ತದೆ ಎನ್ನುವುದೂ ಇತ್ತು. ಮೊದಲ ಮಹಡಿಯ ಮೇಡಂ ಆಕಳಿಸಿದ್ದು ಕಂಡರೂ ನಿಲ್ಲಿಸಲಿಲ್ಲ. ಮಾರನೆಯ ದಿನ ಆಂಟಿ ದಾವಣಗೆರೆಗೆ ಹೊರಟರು. ಹೊರಡುವಾಗ ಬೀಗದ ಕೈ ನನಗೆ ಕೊಟ್ಟು, "ನಿಮ್ಮಿಂದ ನಾನು ನನ್ನ ಮಗಳ ಜೊತೆ ಇರೋ ಹಂಗಾಯ್ತು ಸಾರ್" ಎಂದರು.

ಕೆಲವು ದಿನ ಎಲ್ಲ ಸುಸೂತ್ರ ನಡೆಯಿತು. ಮೋಟರ್ ತಾನೇ ಓಡಿತು, ತಾನೇ ನಿಂತಿತು. ನಾನು ಆಫೀಸಿಗೆ ಹೋಗುವಾಗ ಮೆಟ್ಟಿಲ ಕೆಳಗೆ ಒಂದು ನಿಮಿಷ ನಿಂತು ಪೆಟ್ಟಿಗೆಯ ಹಸಿರು ದೀಪ ನೋಡಿ ಹೋಗುತ್ತಿದ್ದೆ. ಆಂಟಿ ಫೋನ್ ಮಾಡಿದಾಗಲೆಲ್ಲ ಪೆಟ್ಟಿಗೆಯನ್ನೂ ವಿಚಾರಿಸುತ್ತಿದ್ದರು.

ಒಂದು ಮಧ್ಯಾಹ್ನ ಹೆಂಡತಿ ಆಫೀಸಿಗೆ ಫೋನ್ ಮಾಡಿದಳು. ಮೆಟ್ಟಿಲ ಕೆಳಗಿಂದ ಸುಟ್ಟ ವಾಸನೆ ಬರುತ್ತಿದೆ, ಮೇನ್ ಸ್ವಿಚ್ ಆಫ್ ಮಾಡಿದ್ದೇನೆ ಎಂದಳು. ಓಡಿಬಂದೆ. ಅವತ್ತು ಕಾವೇರಿ ನೀರು ಬಂದಿರಲಿಲ್ಲ, ಸಂಪಿನಲ್ಲಿ ತಳ ಕಾಣುತ್ತಿತ್ತು. ಮೋಟರ್ ಖಾಲಿ ಓಡಿ ಸುಟ್ಟುಹೋಗಿತ್ತು. ತಿಲಕ್ ನಗರದಿಂದ ಮೋಟರ್ ರಿಪೇರಿಯವರನ್ನು ಕರೆಸಿದೆ. ಅವರು ಅದನ್ನು ಬಿಚ್ಚಿ ನೋಡಿ, "ಡ್ರೈ ಓಡಿದೆ ಸಾರ್" ಎಂದರು.

"ಇಲ್ಲ, ವೋಲ್ಟೇಜ್ ಪ್ರಾಬ್ಲಂ ಇರ್ಬೇಕು" ಎಂದೆ. ಅಕ್ಕಪಕ್ಕ ನಿಂತಿದ್ದವರು ತಲೆಯಾಡಿಸಿದರು. "ಹೌದು, ಬೆಳಿಗ್ಗೆಯಿಂದ ಕರೆಂಟು ಹೋಗೋದು ಬರೋದು ಮಾಡ್ತಾನೇ ಇತ್ತು" ಎಂದು ಒಬ್ಬರು ಸೇರಿಸಿದರು. ಅಲ್ಲಿಗೆ ತೀರ್ಮಾನವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೋಡುವವರೂ ನೆಲವೇ ಡೊಂಕು ಎಂದು ಒಪ್ಪಿದರು.

ಪೆಟ್ಟಿಗೆಯನ್ನು ಬಿಚ್ಚಿ ಮನೆಗೆ ತಂದು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದೆ. ನಮ್ಮವರು ಪರೀಕ್ಷೆ ಮಾಡುವ ರೀತಿಯೇ ಒಂದು. ಸ್ವಿಚ್ ಆಫ್ ಮಾಡುತ್ತೇವೆ, ಸ್ವಲ್ಪ ಕಾಯುತ್ತೇವೆ, ಆನ್ ಮಾಡುತ್ತೇವೆ. ಕಾಯಬೇಕು ಎನ್ನುವುದು ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿತದ್ದು. ಕಾಯದೆ ಆನ್ ಮಾಡುವವನನ್ನು ಕಂಡರೆ ನಾವು ಅವನೇನು ಇಂಜಿನಿಯರೋ ಅನ್ನುತ್ತೇವೆ. ಹಾಗೆ ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ಪೆಟ್ಟಿಗೆ ಸರಿಯಾಗಿಯೇ ನಡೆದುಕೊಂಡಿತು. ನೋಡು, ನನ್ನದೇನೂ ತಪ್ಪಿಲ್ಲ ಎಂದು ಹೆಂಡತಿಗೆ ಹೇಳಿದೆ.

"ತಪ್ಪ ಇರಲಿ ಬಿಡಲಿ, ಆ ಪೆಟ್ಟಿಗಿ ಈಗ ಹಚ್ಚಬ್ಯಾಡ್ರಿ. ಆಂಟಿ ಬರೂ ಮಟಾ ಸ್ವಿಚ್ ನಾ ಹಾಕ್ತೀನಿ. ಸಂಪಿನ್ಯಾಗ ಹಣಿಕಿ ನೋಡೂದೇನ್ ದೊಡ್ಡ ಕೆಲಸಾ?" ಎಂದಳು.

ಅವಳ ಮಾತು ಕೇಳಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಪೆಟ್ಟಿಗೆ ತೆಗೆದರೆ ಸೋತೆ ಎಂದು ಒಪ್ಪಿಕೊಂಡಂತೆ. ಎಂಟು ಮನೆಯವರ ಮುಂದೆ ಊದುಬತ್ತಿ ಬೆಳಗಿಸಿಕೊಂಡವನು ನಾನು. ಮೋಟರ್ ರಿಪೇರಿಯಾಗಿ ಬಂದ ದಿನವೇ ಮತ್ತೆ ಪೆಟ್ಟಿಗೆಯ ಮೂಲಕವೇ ಜೋಡಿಸಿದೆ. ಆಂಟಿಗೆ ಫೋನ್ ಮಾಡಿ, "ಕರೆಂಟಿಂದ ಸ್ವಲ್ಪ ತೊಂದ್ರೆ ಆಗಿತ್ತು ಆಂಟಿ, ಸರಿ ಮಾಡ್ಸಿದೀನಿ" ಎಂದೆ. "ಪೆಟ್ಟಿಗೆ ಚೆನ್ನಾಗಿದ್ಯಾ?" ಎಂದು ಅವರು ಕೇಳಿದರು. "ಪೆಟ್ಟಿಗೆ ಫಸ್ಟ್ ಕ್ಲಾಸ್" ಎಂದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅದೇ ವಾರ ಮೋಟರ್ ಮತ್ತೆ ಸುಟ್ಟಿತು. ಈ ಸಲ ರಿಪೇರಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನು ಇದಾಗಲ್ಲ, ಹೊಸದೇ ಬೇಕು ಎಂದರು. ಟ್ಯಾಂಕಿನಲ್ಲಿ ಇದ್ದದ್ದು ಸಂಜೆಗೆ ಮುಗಿಯಿತು. ಎಂಟು ಮನೆಯ ನಲ್ಲಿಗಳು ಒಣಗಿದವು. ಹೊಸ ಮೋಟರ್ ನಾಳೆ ತರಿಸುತ್ತೇನೆ ಎಂದು ಮನೆಮನೆಗೂ ಹೋಗಿ ಹೇಳಿದೆ. ಯಾರೂ ನನಗೆ ಎದುರು ಮಾತಾಡಲಿಲ್ಲ. "ಪರ್ವಾಗಿಲ್ಲ ಸಾರ್" ಎಂದು ಬಾಗಿಲು ಹಾಕಿಕೊಂಡರು. ಆಮೇಲೆ ಮೊದಲ ಮಹಡಿಯ ಮೇಡಂ ಆಂಟಿಗೆ ಫೋನ್ ಮಾಡಿದರು. ಅವರ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯಿದ್ದರು, ನೀರಿಲ್ಲದೆ ನಡೆಯುವಂತಿರಲಿಲ್ಲ. ಅವರದೇನೂ ತಪ್ಪಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಬಕೆಟ್ ಹಿಡಿದು ಪಕ್ಕದ ಬೀದಿಯ ಕೊಳಾಯಿಗೆ ಹೊರಟಿದ್ದೆ. ಗೇಟಿನ ಮುಂದೆ ಆಟೋ ನಿಂತಿತು. ಕೈಚೀಲ ಹಿಡಿದು ಇಳಿದವರು ಓನರ್ ಆಂಟಿ. ಕಣ್ಣು ಕೆಂಪಾಗಿತ್ತು, ರೈಲಿನಲ್ಲಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಅವರು ನನ್ನನ್ನು ನೋಡುವ ಮೊದಲು ನನ್ನ ಕೈಯಲ್ಲಿದ್ದ ಬಕೆಟನ್ನು ನೋಡಿದರು.

"ಯಾಕೆ ಬಂದ್ರಿ ಆಂಟಿ, ಇವತ್ತು ಹೊಸ ಮೋಟರ್ ಬರ್ತಿತ್ತು" ಎಂದೆ.

"ನನ್ನ ಮನೇಲಿರೋರು ಬಿಂದಿಗೆ ಹಿಡ್ಕೊಂಡು ಬೀದಿಗೆ ಹೋಗೋ ಹಂಗಾಗ್ಬಾರ್ದು ಸಾರ್. ಡೆಲಿವರಿ ಡೇಟಿಗೆ ಇನ್ನೂ ಟೈಮಿದೆ. ಇದೊಂದು ಸರಿಮಾಡಿ ನಾಳೆ ಹೋಗ್ಬಿಡ್ತೀನಿ" ಎಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಸೀರೆಯ ಸೆರಗು ಸಿಕ್ಕಿಸಿಕೊಂಡು ಟ್ಯಾಂಕರಿನವರಿಗೆ ಫೋನ್ ಮಾಡಿದರು, ಹೊಸ ಮೋಟರ್ ತರಿಸಿದರು. ಜೋಡಿಸುವ ಹೊತ್ತಿಗೆ ನನ್ನ ಕಡೆ ತಿರುಗಿ, "ಇದನ್ನ ಸದ್ಯಕ್ಕೆ ತೆಗೀಬಹುದಾ ಸಾರ್? ನಿಮಗೆ ಬೇಜಾರಾಗಲ್ಲ ಅಂದ್ರೆ" ಎಂದು ಕೇಳಿದರು. ಅವರದೇ ಮನೆ, ಅವರದೇ ಮೋಟರ್, ಪೆಟ್ಟಿಗೆ ತೆಗೆಯಲು ನನ್ನ ಅಪ್ಪಣೆ. ನಾನು ತಲೆ ತಗ್ಗಿಸಿಕೊಂಡು ತಂತಿ ಬಿಚ್ಚಿದೆ. ಮೇಲೆ ಹಚ್ಚಿದ್ದ ಕುಂಕುಮ ನನ್ನ ಬೆರಳಿಗೆ ಅಂಟಿತು. ಒರೆಸಿಕೊಳ್ಳಲೂ ನಾಚಿಕೆಯಾಯಿತು.

ಮಧ್ಯಾಹ್ನ ಟ್ಯಾಂಕು ತುಂಬಿ ನೀರು ಸುರಿಯುವ ಸದ್ದು ಕೇಳುತ್ತಿದ್ದಾಗಲೇ ಅಳಿಯನ ಫೋನ್ ಬಂತು. ಮಗಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದ. ಆಂಟಿ ಕೈಚೀಲ ಬಿಚ್ಚಿರಲೇ ಇಲ್ಲ. ಅದನ್ನೇ ಎತ್ತಿಕೊಂಡು ಗೇಟಿಗೆ ಬಂದರು. ಬೇಡ ಬೇಡ ಎಂದರೂ ನಾನು ಆಟೋ ಹತ್ತಿ ಮೆಜೆಸ್ಟಿಕ್‌ವರೆಗೆ ಅವರ ಜೊತೆ ಹೋದೆ. ಡೈರಿ ಸರ್ಕಲ್ಲಿನಲ್ಲಿ ವಾಹನಗಳು ಒಂದಕ್ಕೊಂದು ತಾಗಿ ನಿಂತಿದ್ದವು. ವಿಲ್ಸನ್ ಗಾರ್ಡನ್ನಿನ ಹತ್ತಿರ ಅಳಿಯ ಮತ್ತೆ ಫೋನ್ ಮಾಡಿದ. ಒಳಗೆ ಕರೆದುಕೊಂಡು ಹೋದರು, ಅಮ್ಮ ಎಲ್ಲಿ ಅಮ್ಮ ಎಲ್ಲಿ ಅಂತ ಕೇಳ್ತಿದಾಳೆ ಎಂದದ್ದು ನನಗೂ ಕೇಳಿಸಿತು. ಆಂಟಿ "ಬರ್ತಿದೀನಿ ಅಂತ ಹೇಳಪ್ಪ" ಎಂದು ಫೋನನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಆಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: "ಈ ಸಿಗ್ನಲ್ ಯಾವಾಗ ಬಿಡತ್ತೆ ಸಾರ್?"

ಬಸ್ಸು ಹತ್ತಿಸಿ ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟೆ. ತುಮಕೂರು ದಾಟುವ ಮೊದಲೇ ಹೆಣ್ಣು ಮಗು ಹುಟ್ಟಿತಂತೆ. ತಾಯಿ ಮಗು ಕ್ಷೇಮ ಎಂದು ಆಂಟಿಯೇ ಬಸ್ಸಿನಿಂದ ನನ್ನ ಹೆಂಡತಿಗೆ ಫೋನ್ ಮಾಡಿ ಹೇಳಿದರು. ಅವಳು ಫೋನಿಟ್ಟು ನನ್ನ ಮುಖ ನೋಡದೆ ಒಳಗೆ ಹೋದಳು.

ಪೆಟ್ಟಿಗೆ ನಮ್ಮ ಮನೆಯ ಮೇಜಿನ ಮೇಲೆ ಬಿದ್ದಿತ್ತು. ಒಂದು ಭಾನುವಾರ ಮತ್ತೆ ಪರೀಕ್ಷೆಗೆ ಕೂತೆ. ಅದೇ ಆಫ್, ಅದೇ ಕಾಯುವುದು, ಅದೇ ಆನ್. ಹೆಂಡತಿಗೆ ಅದೇ ಪ್ಲಗ್ಗಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಬೇಕಿತ್ತು. "ಎಷ್ಟೊತ್ತ್ರೀ ಇದು, ಆರಿಸಿ ಹಚ್ಚೂದ ತಾನ?" ಎಂದು ಬೇಸರದಿಂದ ಕೈ ಚಾಚಿ ಸ್ವಿಚ್ಚನ್ನು ಟಕಟಕ ಒತ್ತಿಬಿಟ್ಟಳು. ಬೈಯಲು ಬಾಯಿ ತೆರೆದವನ ಕಣ್ಣು ಪೆಟ್ಟಿಗೆಗೆ ಜೋಡಿಸಿದ್ದ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಿತ್ತು. ಸಂಪಿನ ಬುರುಡೆ ಮೇಜಿನ ಮೇಲೆ ಮಲಗಿತ್ತು, ಅಂದರೆ ಸಂಪು ಖಾಲಿ. ಪೆಟ್ಟಿಗೆ ಮಾತ್ರ ಸಂಪಿನಲ್ಲಿ ನೀರಿದೆ ಎನ್ನುತ್ತಿತ್ತು.

ಆಗ ಅರ್ಥವಾಯಿತು. ಕರೆಂಟ್ ಕ್ಷಣಮಾತ್ರ ಹೋಗಿ ಬಂದಾಗ ಮೆಮೊರಿ ಪೂರ್ತಿ ಅಳಿಸುವುದೂ ಇಲ್ಲ, ಪೂರ್ತಿ ಉಳಿಯುವುದೂ ಇಲ್ಲ. ನನ್ನ ಗುರುತಿನ ಸಂಖ್ಯೆ ಉಳಿದಿತ್ತು. ಅದರ ಪಕ್ಕದಲ್ಲಿ ಬರೆದಿಟ್ಟಿದ್ದ 'ಸಂಪು ಖಾಲಿ' ಎಂಬುದು ಕೆಟ್ಟು 'ನೀರಿದೆ' ಎಂದಾಗಿತ್ತು. ಮುಂಬಾಗಿಲ ಬೀಗ ನೋಡಿ ಮನೆಯೊಳಗೆಲ್ಲ ಸರಿಯಿದೆ ಅಂದುಕೊಂಡಂತೆ ನನ್ನ ಪ್ರೋಗ್ರಾಂ ಗುರುತನ್ನು ನೋಡಿ ಉಳಿದದ್ದನ್ನು ನಂಬಿತ್ತು. ಬುರುಡೆ ಅಲುಗಾಡಿದಾಗ ಮಾತ್ರ ಅದನ್ನು ನೋಡು, ಇಲ್ಲವಾದರೆ ನೆನಪಿನಲ್ಲಿದ್ದದ್ದೇ ನಿಜ ಎಂದು ಬರೆದವನೂ ನಾನೇ. ಖಾಲಿ ಸಂಪಿನಲ್ಲಿ ಬುರುಡೆ ಯಾಕೆ ಅಲುಗಾಡುತ್ತದೆ? ಚಿಪ್‌ನವರು ಕೊಟ್ಟಿದ್ದ ಆರಂಭವನ್ನೇ ಬಿಟ್ಟಿದ್ದರೆ ಆ ಜಾಗ ಸೊನ್ನೆಯಾಗಿರುತ್ತಿತ್ತು. ನನ್ನ ಪ್ರೋಗ್ರಾಮಿನಲ್ಲಿ ಅಲ್ಲಿ ಸೊನ್ನೆ ಎಂದರೆ ಗೊತ್ತಿಲ್ಲ ಎಂದರ್ಥ. ಗೊತ್ತಿಲ್ಲದಿದ್ದರೆ ಅದು ಹೋಗಿ ಬುರುಡೆಯನ್ನು ನೋಡಿ ಬರುತ್ತಿತ್ತು. ಗೊತ್ತಿಲ್ಲ ಎಂದು ಶುರುಮಾಡುವ ಆ ಒಂದು ಒಳ್ಳೆಯ ಅಭ್ಯಾಸವನ್ನು ನಾನು ಕಿತ್ತುಹಾಕಿದ್ದೆ.

ಮುಂದಿನ ಸಲ ಹೊಸಬರು ಸೇರಿದಾಗ ಪಾಠವನ್ನು ಬೇರೆಯವರಿಗೆ ಒಪ್ಪಿಸಿದೆ. ಗಂಟಲು ಸರಿಯಿಲ್ಲ ಎಂದೆ. ಗಂಟಲು ಚೆನ್ನಾಗಿಯೇ ಇತ್ತು.

ಆಂಟಿ ದಾವಣಗೆರೆಯಲ್ಲಿ ಬಹಳ ದಿನ ಉಳಿಯಲಿಲ್ಲ. ನಾಮಕರಣ ಮುಗಿಸಿಕೊಂಡು ಬಂದುಬಿಟ್ಟರು. ಬಾಣಂತನಕ್ಕೆ ಅಳಿಯನ ತಾಯಿ ಬಂದಿದ್ದಾರೆ ಎಂದಷ್ಟೇ ಹೇಳಿದರು. ಬೆಳಿಗ್ಗೆ ಮತ್ತೆ ಮುಚ್ಚಳ ಎತ್ತುವ ಸದ್ದು, ಸ್ವಿಚ್ಚಿನ ಸದ್ದು, ಮೇಲಿಂದ ನೀರು ಸುರಿಯುವ ಸದ್ದು ಕೇಳತೊಡಗಿದವು. ಆ ಹೊತ್ತಿನಲ್ಲಿ ಮೆಟ್ಟಿಲಿಳಿಯುವುದನ್ನು ನಾನು ತಪ್ಪಿಸುತ್ತಿದ್ದೆ. ಕೊನೆಗೆ ಹೆಂಡತಿಯೇ, ಎಷ್ಟ ದಿನ ಹಿಂಗ ಮುಖಾ ತಪ್ಪಿಸಿ ಅಡ್ಡಾಡ್ತೀರಿ, ಹೋಗಿ ಮಾತಾಡಿ ಬರ್ರಿ ಎಂದು ಕಳಿಸಿದಳು.

ಆಂಟಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಕುರ್ಚಿ ತೋರಿಸಿದರು. ನಾನು ಕೂತು, "ಆಂಟಿ, ಮೋಟರ್ ಸುಟ್ಟಿದ್ದು ಕರೆಂಟಿಂದ ಅಲ್ಲ. ನನ್ನ ಪ್ರೋಗ್ರಾಮಿಂದ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೇಗೆ ಎಂದು ವಿವರಿಸತೊಡಗಿದೆ. ಮೇನ್‌ಗೂ ಮೊದಲು ಏನಾಗುತ್ತದೆ, ಸೊನ್ನೆ ಯಾಕೆ ಮಾಡುತ್ತಾರೆ, ನಾನು ಯಾಕೆ ಮಾಡದೆ ಬಿಟ್ಟೆ, ಕರೆಂಟ್ ಕ್ಷಣಮಾತ್ರ ಹೋದಾಗ ಮೆಮೊರಿ ಹೇಗೆ ಅರೆಬರೆ ಉಳಿಯುತ್ತದೆ. ಕೈ ಬೀಸಿ ಬೀಸಿ ಹೇಳಿದೆ. ಇದು ಯಾರಿಗೂ ಸುಲಭವಾಗಿ ಸಿಗುವಂಥ ತಪ್ಪಲ್ಲ ಆಂಟಿ ಎಂದೂ ಹೇಳಿದೆ. ಹಾಗೆಂದಾಗ ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು. ತಪ್ಪೊಪ್ಪಿಕೊಳ್ಳಲು ಬಂದವನು ಪಾಠ ಮಾಡುತ್ತಿದ್ದೆ.

ಆಂಟಿ ಸುಲಿದ ಕಾಳನ್ನು ಬಟ್ಟಲಿಗೆ ಹಾಕಿದರು. "ಅದೆಲ್ಲ ನಂಗೆ ಅರ್ಥ ಆಗಲ್ಲ ಸಾರ್. ಮಾಡಿದ್ದು ಕೆಡತ್ತೆ, ಯಾರು ಮಾಡಿದ್ರೂ ಕೆಡತ್ತೆ. ಮೊದಲ್ನೇ ಸಲ ಸುಟ್ಟಾಗ ಅದನ್ನ ತೆಗೆದಿಟ್ಟು ನಿಮ್ಮನೆಯೋರಿಗೆ ಸ್ವಿಚ್ ಹಾಕಮ್ಮ ಅಂದಿದ್ರೆ ಆಗಿತ್ತು. ನಾನು ಅಲ್ಲೇ ಇರ್ತಿದ್ದೆ" ಎಂದರು.

ಅವರು ಸುಲಿಯುತ್ತಲೇ ಮುಂದುವರಿಸಿದರು. "ಅವ್ಳ ಅತ್ತೆ ಬರ್ತೀನಿ ಅಂದಿದ್ರು, ನಾನೇ ಬೇಡ ಅಂದೆ. ನಾನೂ ಇಲ್ಲ, ಅವರೂ ಇಲ್ಲ, ಅಷ್ಟೊತ್ತಲ್ಲಿ ಅವ್ಳ ಹತ್ರ ಹೆಂಗಸು ಅಂತ ಒಬ್ರೂ ಇರ್ಲಿಲ್ಲ. ಮೊದ್ಲೇ ಬರಲ್ಲ ಅಂದಿದ್ರೆ ಅವ್ಳು ಬೇಜಾರು ಮಾಡ್ಕೊಂಡು ಸುಮ್ನಾಗ್ತಿದ್ಲು. ಬಂದು, ಇದ್ದು, ನೀರು ನೋಡೋಕೆ ಬಿಟ್ಟು ಹೋದೆ ಅಂತ ಈಗ ಮಾತಾಡಲ್ಲ."

"ವಿಡಿಯೋ ಮಾಡಿದ್ರೆ ಮಗೂನ ತೋರಿಸ್ತಾಳೆ. ಅವ್ಳು ಮುಖ ತೋರಿಸಲ್ಲ" ಎಂದರು.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಮಗಳದೇ ವಿಡಿಯೋ ಕಾಲ್. ಆಂಟಿ ಕೈ ಒರೆಸಿಕೊಂಡು ಎತ್ತಿದರು. ಪರದೆಯ ತುಂಬ ಮಗುವಿನ ಮುಖ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ಆಂಟಿ ಏನೇನೋ ಮುದ್ದು ಮಾತಾಡಿದರು. ಆಮೇಲೆ ದನಿ ತಗ್ಗಿಸಿ, "ನೀನೂ ಸ್ವಲ್ಪ ಬಾರೇ ಮುಂದೆ" ಎಂದರು. ಚಿತ್ರ ಅಲುಗಾಡಲಿಲ್ಲ.

ನಾನು ಏಳಲು ಹೊರಟೆ. ಆಂಟಿ ಬಿಡಲಿಲ್ಲ. "ನೋಡಿ ಸಾರ್, ನಮ್ಮ ಪುಟ್ಟಿ" ಎಂದು ಫೋನನ್ನು ನನ್ನ ಕಡೆ ತಿರುಗಿಸಿದರು. ಮಗು ನನ್ನನ್ನೇ ನೋಡುವಂತೆ ಕಣ್ಣರಳಿಸಿತು. ಅದರ ಹಿಂದಿನಿಂದ ಮಗಳ ದನಿ ಬಂತು: "ಯಾರಮ್ಮ ಅದು?"

"ಮೇಲಿನ ಮನೆ ಸಾರ್ ಕಣೆ. ಇಂಜಿನಿಯರ್ ಸಾರು."

ಕಾಲ್ ಕಟ್ಟಾಯಿತು. ಪರದೆ ಕಪ್ಪಾಯಿತು. ಆಂಟಿ ಫೋನನ್ನು ಮಡಿಲಿಗೆ ಮಗುಚಿ ಹಾಕಿಕೊಂಡು, ಅವರೆಕಾಯಿ ಕೈಗೆತ್ತಿಕೊಂಡು, ನನಗೆ ಬೇಸರವಾಗದಿರಲೆಂದು ಹೇಳಿದರು: "ಈ ರೂಮಲ್ಲಿ ನೆಟ್‌ವರ್ಕೇ ಸರಿಯಾಗಿ ಸಿಗಲ್ಲ ಸಾರ್."

"ಹೌದು ಆಂಟಿ, ಸಿಗಲ್ಲ" ಎಂದೆ.